ಮಾವನ ಬ್ಯಾಟರಿ ಅಂಗಡಿಯ ಗೂಗಲ್ ಜಾಹೀರಾತು ಬಿಚ್ಚಿ ಜೋಡಿಸಿದ್ದು

ಶಿವಮೊಗ್ಗದಲ್ಲಿ ನಮ್ಮ ಮಾವನದು ಇನ್ವರ್ಟರ್, ಬ್ಯಾಟರಿ ಅಂಗಡಿ. ಏಪ್ರಿಲ್ ಮೂರನೇ ವಾರ ಊಟಕ್ಕೆ ಕೂತಾಗ ಫೋನು ನನ್ನ ಕಡೆ ತಳ್ಳಿದರು. "ನೋಡೋ ಮಾರಾಯ. ತಿಂಗಳಿಗೆ ಒಂಬತ್ತು ಸಾವಿರ ಕಟ್ತಾ ಇದೀನಿ, ಮೂರು ತಿಂಗಳಾಯ್ತು. ಫೋನ್ ಬರ್ತದೆ, ಇಲ್ಲ ಅನ್ನಲ್ಲ. ನಿನ್ನೆ ಒಬ್ಬ ಕಲಬುರಗಿಯಿಂದ ಮಾಡಿ ಏಸಿ ಗ್ಯಾಸ್ ತುಂಬಿಸ್ತೀರಾ ಅಂದ."

ಜಾಹೀರಾತು ಕಟ್ಟಿಕೊಟ್ಟಿದ್ದವರು ಯಾರೋ ಪರಿಚಯದವರ ಪರಿಚಯದವರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಐದು ನಿಮಿಷದ ಕೆಲಸಕ್ಕೆ ಐದು ನಿಮಿಷ ಕೊಟ್ಟಿದ್ದರು. ಆದರೆ ಖಾತೆ ಅವರ ಇಮೇಲಿನಲ್ಲಿತ್ತು. ಮಾವನ ಇಮೇಲನ್ನು ಅಡ್ಮಿನ್ ಮಾಡಿಸಿಕೊಳ್ಳುವುದಕ್ಕೇ ನಾಲ್ಕು ದಿನ ಹೋಯಿತು. ಯಾರಿಂದಲಾದರೂ ಮಾಡಿಸಿ, ಖಾತೆ ಮಾತ್ರ ನಿಮ್ಮ ಹೆಸರಿನಲ್ಲಿರಲಿ.

ಅಶ್ವಿನಿ ಮಳೆಯ ಕೊನೆಯ ಭಾನುವಾರ ಬಿಚ್ಚಲು ಕೂತೆ.

ಬಿಚ್ಚಿ ನೋಡಿದ್ದು

ಕೀವರ್ಡ್, ಅಂದರೆ ಜನ ಏನು ಹುಡುಕಿದಾಗ ಜಾಹೀರಾತು ತೋರಿಸಬೇಕೆಂದು ನಾವು ಕೊಡುವ ಪದ, ಇದ್ದದ್ದು ಮೂರು: ಬ್ಯಾಟರಿ, ಇನ್ವರ್ಟರ್, ಯುಪಿಎಸ್. ಮೂರೂ ಬ್ರಾಡ್ ಮ್ಯಾಚ್. ಅಂದರೆ ಆ ಪದಕ್ಕೆ ಏನೇನು ಸಂಬಂಧ ಇರಬಹುದು ಎಂದು ಗೂಗಲ್‌ಗೆ ಅನಿಸುತ್ತದೋ ಅದಕ್ಕೆಲ್ಲ ನಮ್ಮ ಜಾಹೀರಾತು ಹೋಗಬಹುದು. ಹೋಗಿತ್ತು ಕೂಡ. ಸರ್ಚ್ ಟರ್ಮ್ಸ್ ವರದಿ ಅಂತ ಒಂದು ಪುಟ ಇದೆ, ಜನ ನಿಜವಾಗಿ ಟೈಪ್ ಮಾಡಿದ ಮಾತುಗಳು ಸಿಗುವ ಜಾಗ. ತೀರ ಕಡಿಮೆ ಜನ ಹುಡುಕಿದ ಮಾತುಗಳನ್ನು ಅದು ಬಚ್ಚಿಡುತ್ತದೆ, ಆದರೂ ಉಳಿದದ್ದು ಸಾಕು. ಇನ್ವರ್ಟರ್ ಏಸಿ. ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತಿದೆ. ಲ್ಯಾಪ್‌ಟಾಪ್ ಬ್ಯಾಟರಿ. ಬೈಕ್ ಬ್ಯಾಟರಿ. ಇನ್ವರ್ಟರ್ ಸರ್ಕ್ಯೂಟ್ ಡಯಾಗ್ರಾಂ, ಇದು ಪಾಲಿಟೆಕ್ನಿಕ್ ಹುಡುಗರದ್ದು. ಯುಪಿಎಸ್ ಕೊರಿಯರ್ ಟ್ರ್ಯಾಕಿಂಗ್. ಬ್ಯಾಟರಿ ಕಂಪನಿಗಳ ಕಸ್ಟಮರ್ ಕೇರ್ ನಂಬರ್. ಎಲ್ಲಕ್ಕೂ ಮಾವ ದುಡ್ಡು ಕೊಟ್ಟಿದ್ದರು.

ಒಂದು ಸಾಲು ನೋಡಿ ನಗು ಬಂತು: "ತೋಟಕ್ಕೆ ಬ್ಯಾಟರಿ". ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚ್. ರಾತ್ರಿ ಮೋಟಾರ್ ಹಾಕಲು ಅಡಿಕೆ ತೋಟಕ್ಕೆ ಹೋಗುವವನು "ಬ್ಯಾಟ್ರಿ ತಗಾ" ಅನ್ನುತ್ತಾನೆ, ಅವನ ತಲೆಯಲ್ಲಿ ಅರವತ್ತು ಕೆಜಿಯ ಟ್ಯೂಬುಲರ್ ಬ್ಯಾಟರಿ ಇರುವುದಿಲ್ಲ.

ಕಲಬುರಗಿಯ ಗುಟ್ಟೂ ಸಿಕ್ಕಿತು. ಸ್ಥಳ ಅನ್ನುವಲ್ಲಿ ಇಡೀ ಕರ್ನಾಟಕ ಆರಿಸಿದ್ದರು. ಅದರ ಕೆಳಗೆ ಒಂದು ಮಡಚಿದ ಸಾಲಿದೆ, ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ತೆರೆದರೆ, ಆ ಜಾಗದಲ್ಲಿ ಇರುವವರಿಗೆ ಮಾತ್ರವೋ, ಆ ಜಾಗದ ಬಗ್ಗೆ ಆಸಕ್ತಿ ತೋರಿದವರಿಗೂ ತೋರಿಸಬೇಕೋ ಎಂಬ ಆಯ್ಕೆ. ನಾವು ಮುಟ್ಟದಿದ್ದರೆ ಎರಡೂ ಸೇರಿದ್ದೇ ಇರುತ್ತದೆ. ದೆಹಲಿಯಲ್ಲಿ ಕೂತು ಜೋಗಕ್ಕೆ ಹೋಗಲು ಶಿವಮೊಗ್ಗದ ರೈಲು ನೋಡುತ್ತಿರುವವನೂ ನಮ್ಮ ಲೆಕ್ಕದಲ್ಲಿ ಆಸಕ್ತಿ ಇರುವವನೇ. ಪ್ರವಾಸೋದ್ಯಮಕ್ಕೆ ಸರಿ, ಬ್ಯಾಟರಿಗೆ ಅಲ್ಲ. ಜೊತೆಗೆ, ಬೇರೆ ಸೈಟು, ಆ್ಯಪುಗಳಲ್ಲೂ ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕಿನ ಟಿಕ್ ಹಾಗೇ ಇತ್ತು. ಹಾಗಾಗಿ ಮಕ್ಕಳು ಆಡುವ ಗೇಮುಗಳ ಮೂಲೆಯಲ್ಲೂ ನಮ್ಮ ಜಾಹೀರಾತು ಕೂತು, ಬೆರಳು ತಾಗಿದಾಗಲೆಲ್ಲ ಹಣ ಕಳೆದಿತ್ತು. ಗೂಗಲ್ ತನ್ನ ಶಿಫಾರಸುಗಳನ್ನು ತಾನೇ ಜಾರಿ ಮಾಡುವ ಸ್ವಿಚ್ಚೂ ಆನ್ ಇತ್ತು.

ಹಳೆಯದನ್ನು ರಿಪೇರಿ ಮಾಡುವ ಯೋಚನೆ ಅಲ್ಲೇ ಬಿಟ್ಟೆ. ಕ್ಯಾಂಪೇನ್ ನಿಲ್ಲಿಸಿ ಹೊಸದು.

ಒಂದು ಕ್ಲಿಕ್ಕಿಗೆ ಎಷ್ಟು ಕೊಡಬಹುದು

ಕಂಪ್ಯೂಟರ್ ಮುಚ್ಚಿ ಮೊದಲು ಮಾವನ ಬಿಲ್ ಪುಸ್ತಕ ಕೇಳಿದೆ. 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದಕ್ಕೆ, ಹಳೆಯದನ್ನು ಎಕ್ಸ್‌ಚೇಂಜಿಗೆ ತೆಗೆದುಕೊಂಡು, ಆಟೋ ಬಾಡಿಗೆ, ಜೋಡಿಸುವ ಹುಡುಗನ ಕೂಲಿ ಕಳೆದು ಎಷ್ಟು ಉಳಿಯುತ್ತದೆ? ಮಾವ ಮೊದಲು "ಏನೂ ಉಳಿಯಲ್ಲ" ಅಂದರು. ಎಲ್ಲ ಅಂಗಡಿಯವರೂ ಮೊದಲು ಹೇಳುವುದು ಅದನ್ನೇ. ಎರಡನೇ ಲೋಟ ಕಾಫಿಗೆ 1,200 ರೂಪಾಯಿ ಅಂತ ಒಪ್ಪಿಕೊಂಡರು. ಅದರಲ್ಲಿ 300 ಜಾಹೀರಾತಿಗೆ ಹೋದರೆ ಪರವಾಗಿಲ್ಲ ಅಂದರು.

ಐದು ಕ್ಲಿಕ್ಕಿಗೆ ಒಂದು ಫೋನು, ನಾಲ್ಕು ಫೋನಿಗೆ ಒಂದು ವ್ಯಾಪಾರ ಎಂದು ಅಂದಾಜು ಹಾಕಿದೆ. ಇಪ್ಪತ್ತು ಕ್ಲಿಕ್ಕಿಗೆ ಒಂದು ಬ್ಯಾಟರಿ. 300ನ್ನು ಇಪ್ಪತ್ತರಿಂದ ಭಾಗಿಸಿದರೆ ಕ್ಲಿಕ್ಕಿಗೆ 15 ರೂಪಾಯಿ. ಬೇರೆ ಯಾವ ಜ್ಞಾನವೂ ಇಲ್ಲದಾಗ ಈ ಒಂದು ಸಂಖ್ಯೆ ಸಾಕು. ಬಿಡ್ಡಿಂಗ್ (ಜಾಹೀರಾತಿನ ಜಾಗದ ಹರಾಜಿಗೆ ಬೆಲೆ ಹೇಳುವ) ವಿಧಾನ ಹೆಚ್ಚು ಕ್ಲಿಕ್ ಸಿಗುವಂತೆ ಇಟ್ಟು, ಗರಿಷ್ಠ ಮಿತಿ 15 ಎಂದು ಕಟ್ಟಿದೆ. ತಾನೇ ಕಲಿತು ಗಿರಾಕಿ ಹುಡುಕುವ ಸ್ವಯಂಚಾಲಿತ ವಿಧಾನಗಳಿವೆ. ಅವುಗಳಿಗೆ ಕಲಿಯಲು ವ್ಯಾಪಾರಗಳ ರಾಶಿ ಬೇಕು. ತಿಂಗಳಿಗೆ ಹತ್ತಿಪ್ಪತ್ತು ಬ್ಯಾಟರಿ ಮಾರುವ ಅಂಗಡಿಯಿಂದ ಅದು ಏನು ಕಲಿತೀತು?

"ಪಕ್ಕದ ಅಂಗಡಿಯವನು ಇಪ್ಪತ್ತು ಕೊಟ್ಟರೆ?" ಅಂದರು ಮಾವ. ಅವರಿಗೆ ಅಡಿಕೆ ಮಂಡಿಯ ಲೆಕ್ಕದಲ್ಲೇ ಹೇಳಿದೆ. ಮಂಡಿಯಲ್ಲಿ ರಾಶಿಗೆ ಟೆಂಡರ್ ಹಾಕಿದರೆ ಹೆಚ್ಚು ಬರೆದವನಿಗೆ ಮಾಲು, ಬರೆದಷ್ಟೇ ಬೆಲೆ. ಇಲ್ಲಿ ಹಾಗಲ್ಲ. ಕೆಳಗಿನವನನ್ನು ದಾಟಲು ಎಷ್ಟು ಬೇಕೋ ಅಷ್ಟೇ ಕತ್ತರಿಸುತ್ತಾರೆ, ಬರೆದದ್ದು ಮಿತಿ ಮಾತ್ರ. ಪದಗಳನ್ನು ಹರಾಜು ಹಾಕುವ ಪದ್ಧತಿಯನ್ನು 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಶುರು ಮಾಡಿದಾಗ ಹೆಚ್ಚು ಕೊಟ್ಟವನೇ ಮೇಲೆ ಇರುತ್ತಿದ್ದ. 2002ರಲ್ಲಿ ಗೂಗಲ್ ಕ್ಲಿಕ್ಕಿನ ಲೆಕ್ಕದಲ್ಲಿ ಹಣ ತೆಗೆದುಕೊಳ್ಳತೊಡಗಿದಾಗ, ಜನ ಆ ಜಾಹೀರಾತನ್ನು ಎಷ್ಟು ಒತ್ತುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿತು. ಈಗಲೂ ಬಿಡ್ಡಿನ ಜೊತೆ ಜಾಹೀರಾತು ಹುಡುಕಿದ ಮಾತಿಗೆ ಹೊಂದುತ್ತದೆಯೇ, ಒತ್ತಿದ ಮೇಲೆ ತೆರೆಯುವ ಪುಟ ಕೆಲಸಕ್ಕೆ ಬರುತ್ತದೆಯೇ ಎಂದೆಲ್ಲ ನೋಡುತ್ತಾರೆ. "ಅಂದರೆ ಮಾಲು ಚೆನ್ನಾಗಿದ್ದವನಿಗೆ ಕಡಿಮೆಗೂ ಜಾಗ ಸಿಗ್ತದೆ," ಅಂದರು ಮಾವ. ಹೌದು. ಕಡಿಮೆ ದುಡ್ಡಿರುವವನಿಗೆ ಇರುವ ಕಿಂಡಿ ಅದೊಂದೇ.

ದಿನಕ್ಕೆ 300 ರೂಪಾಯಿ ಬಜೆಟ್. ಇದರ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಬಿಲ್ಲಿಂಗ್‌ನಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಕೊಟ್ಟರೆ ಅದನ್ನು ಇನ್‌ಪುಟ್ ಕ್ರೆಡಿಟ್ಟಿಗೆ ತೋರಿಸಬಹುದು. ಹಳೆಯ ಖಾತೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರು.

ಪದಗಳು

ಸ್ಥಳವನ್ನು ಇಡೀ ಕರ್ನಾಟಕದಿಂದ ಶಿವಮೊಗ್ಗ ನಗರ, ಸುತ್ತ 20 ಕಿಲೋಮೀಟರಿಗೆ ಇಳಿಸಿದೆ. ಭದ್ರಾವತಿ ಬಂತು. ತೀರ್ಥಹಳ್ಳಿ, ಸಾಗರ ಬಿಟ್ಟೆ. ಅಲ್ಲಿಗೆ ಬ್ಯಾಟರಿ ಒಯ್ದು ಜೋಡಿಸಿ ಬರುವಷ್ಟರಲ್ಲಿ 1,200 ರೂಪಾಯಿಯೂ ಡೀಸೆಲ್ಲಿಗೇ. "ಅಲ್ಲಿರುವವರಿಗೆ ಮಾತ್ರ" ಎಂಬುದಕ್ಕೆ ಗುರುತು ಹಾಕಿದೆ. ಡಿಸ್‌ಪ್ಲೇ ತೆಗೆದೆ, ಗೂಗಲ್ ಹುಡುಕಾಟ ಬಳಸುವ ಬೇರೆ ಸೈಟುಗಳಾದ ಸರ್ಚ್ ಪಾರ್ಟ್ನರ್ಸ್ ತೆಗೆದೆ, ತಾನೇ ಜಾರಿಯಾಗುವ ಶಿಫಾರಸುಗಳ ಸ್ವಿಚ್ಚನ್ನೂ ಆಫ್ ಮಾಡಿದೆ.

ಕೀವರ್ಡ್‌ಗಳನ್ನು ಬ್ರಾಡ್ ಬಿಟ್ಟು ಫ್ರೇಸ್ (ಆ ಮಾತಿನ ಅರ್ಥ ಒಳಗಿರುವ ಹುಡುಕಾಟಕ್ಕೆ ಮಾತ್ರ), ಎಕ್ಸಾಕ್ಟ್ ಮ್ಯಾಚ್‌ನಲ್ಲೇ ಹಾಕಿದೆ. ಎಕ್ಸಾಕ್ಟ್ ಎಂದರೆ ಅಕ್ಷರಶಃ ಅದೇ ಎಂದು ತಿಳಿಯಬೇಡಿ, ಈಗ ಅದೇ ಅರ್ಥ ಬರುವ ಬೇರೆ ಮಾತಿಗೂ ಹೋಗುತ್ತದೆ. ಆದರೂ ಬೇಲಿ ಬೇಲಿಯೇ.

ಊರಿನ ಹೆಸರಿನದು ಬೇರೆಯೇ ಕಥೆ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲಿ ಶಿಮೋಗಾ ಹೋಗಿ ಶಿವಮೊಗ್ಗ ಅಧಿಕೃತವಾಯಿತು. ಬೋರ್ಡುಗಳು ಬದಲಾದವು, ಬೆರಳುಗಳು ಬದಲಾಗಲಿಲ್ಲ. ಜನ ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ಶಿಮೋಗಾ ಎಂದೇ ಟೈಪ್ ಮಾಡುತ್ತಾರೆ, ಏಕೆಂದರೆ ಮೂರಕ್ಷರ ಕಡಿಮೆ. ಎರಡೂ ಕಾಗುಣಿತ ಹಾಕಿದೆ. ಕನ್ನಡ ಲಿಪಿಯಲ್ಲೂ ಒಂದಷ್ಟು ಹಾಕಿದೆ: ಇನ್ವರ್ಟರ್ ಬ್ಯಾಟರಿ ಬೆಲೆ, ಬ್ಯಾಟರಿ ಅಂಗಡಿ, ಹಳೇ ಬ್ಯಾಟರಿ ಎಕ್ಸ್‌ಚೇಂಜ್. ಒಂದು ವಾರಕ್ಕೆ ಹೆಚ್ಚಿನವುಗಳ ಮುಂದೆ "ಹುಡುಕಾಟ ಕಡಿಮೆ" ಎಂಬ ಬೂದು ಪಟ್ಟಿ ಬಿತ್ತು. ಮಾತಾಡುವುದು ಕನ್ನಡ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದ ಕನ್ನಡ. "ಬ್ಯಾಟರಿ ಅಂಗಡಿ" ಎಂಬುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಓಡಿತು.

ನೆಗೆಟಿವ್ ಪಟ್ಟಿಗೆ, ಅಂದರೆ ಹುಡುಕಾಟದಲ್ಲಿದ್ದರೆ ನಮ್ಮ ಜಾಹೀರಾತು ತೋರಿಸಬೇಡ ಎನ್ನುವ ಪದಗಳ ಪಟ್ಟಿಗೆ, ಒಂದು ಸಂಜೆ ಪೂರ್ತಿ ಹೋಯಿತು. ಏಸಿ, ಮೊಬೈಲ್, ಲ್ಯಾಪ್‌ಟಾಪ್, ಬೈಕ್, ಕಾರ್, ಸರ್ಕ್ಯೂಟ್, ಪ್ರಾಜೆಕ್ಟ್, ಟ್ರ್ಯಾಕಿಂಗ್, ಕಸ್ಟಮರ್ ಕೇರ್, ಟಾರ್ಚ್, ಸ್ಪ್ರೇಯರ್. ಇಲ್ಲಿ ಒಂದು ಎಚ್ಚರ ಬೇಕು. ಬೇಕಾದ ಕೀವರ್ಡ್‌ಗೆ ಗೂಗಲ್ ಸಮಾನಾರ್ಥಕ ಹುಡುಕಿಕೊಳ್ಳುತ್ತದೆ, ಬೇಡವಾದದ್ದಕ್ಕೆ ಹುಡುಕುವುದಿಲ್ಲ. ಏಸಿ ಎಂದು ತಡೆದರೆ ಏರ್ ಕಂಡೀಷನರ್ ಸಲೀಸಾಗಿ ಒಳಗೆ ಬರುತ್ತದೆ. ಎರಡನ್ನೂ ಬರೆಯಬೇಕು, ಬಹುವಚನವನ್ನೂ ಬರೆಯಬೇಕು.

ಇದೇ ಸಂಜೆ ಒಂದು ತಪ್ಪನ್ನೂ ಮಾಡಿದೆ. ಅದು ಮುಂದೆ.

ಮೂವತ್ತು ಅಕ್ಷರ

ಒಂದು ಜಾಹೀರಾತಿಗೆ 15 ಶೀರ್ಷಿಕೆ, 4 ವಿವರಣೆ ಕೊಡಬಹುದು. ಅದರಲ್ಲಿ ಯಾವುದನ್ನು ಯಾವುದರ ಜೊತೆ ತೋರಿಸಬೇಕೆಂದು ಗೂಗಲ್ಲೇ ಆರಿಸುತ್ತದೆ. ಶೀರ್ಷಿಕೆಗೆ 30 ಅಕ್ಷರ, ವಿವರಣೆಗೆ 90. ಕನ್ನಡದಲ್ಲಿ ಇದು ಸ್ವಲ್ಪ ಅನ್ಯಾಯ. ಶಿ-ವ-ಮೊ-ಗ್ಗ ನಮಗೆ ನಾಲ್ಕಕ್ಷರ, ಆ ಪೆಟ್ಟಿಗೆಗೆ ಎಂಟು. ಗುಣಿತ, ಒತ್ತು, ವಿರಾಮ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. "ಶಿವಮೊಗ್ಗದಲ್ಲಿ ಇನ್ವರ್ಟರ್ ಬ್ಯಾಟರಿ" ಎಂದು ಬರೆದೆ, 31 ಆಯಿತು. ಒಂದೇ ಒಂದು ಜಾಸ್ತಿ! ಸಪ್ತಮಿ ಬಿಟ್ಟು ಷಷ್ಠಿಗೆ ಹೋದೆ. "ಶಿವಮೊಗ್ಗದ ಇನ್ವರ್ಟರ್ ಬ್ಯಾಟರಿ", 27. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ವಿಭಕ್ತಿ ಪ್ರತ್ಯಯ ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು.

"ಹಳೇ ಬ್ಯಾಟರಿಗೆ ಎಕ್ಸ್‌ಚೇಂಜ್" ಮತ್ತು "ಇವತ್ತೇ ಮನೆಗೆ ಬಂದು ಜೋಡಿಸ್ತೇವೆ", ಇವೆರಡು ಮಾವನ ಬಾಯಿಂದಲೇ ಬಂದದ್ದು. ನಾನು ಮೊದಲು ಬರೆದಿದ್ದ "ಅತ್ಯುತ್ತಮ ಗುಣಮಟ್ಟ, ವಿಶ್ವಾಸಾರ್ಹ ಸೇವೆ" ನೋಡಿ ಅವರು, "ಇದನ್ನ ಶ್ರಾದ್ಧದ ಅಡುಗೆಯವನೂ ಹಾಕಿಕೊಳ್ತಾನೆ" ಅಂದರು. ಅಳಿಸಿದೆ.

ಪುಟದ ಕೆಲಸ ಬೇಗ ಮುಗಿಯಿತು. ಹಳೆಯ ವೆಬ್‌ಸೈಟ್ ತೆರೆದರೆ ಮೂರು ದೊಡ್ಡ ಚಿತ್ರಗಳು ಒಂದಾದ ಮೇಲೊಂದು ಜಾರುತ್ತಿದ್ದವು, ಫೋನ್ ನಂಬರ್ ಚಿತ್ರದೊಳಗೇ ಅಚ್ಚಾಗಿತ್ತು. ಬೆರಳಿಟ್ಟರೆ ಕರೆ ಹೋಗದು. ಅದನ್ನು ಬಿಟ್ಟು ಒಂದೇ ಪುಟ ಕಟ್ಟಿದೆ. ಮೇಲೆ ಒತ್ತಿದರೆ ಕರೆ ಹೋಗುವ ನಂಬರ್, ಕೆಳಗೆ ವಾಟ್ಸಾಪ್ ಗುಂಡಿ, ಅದರ ಕೆಳಗೆ ಮೂರು ಬ್ಯಾಟರಿಗಳ ಬೆಲೆ, ಹಳೆಯದು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು. ಬೆಲೆ ಹಾಕುವುದಕ್ಕೆ ಮಾವ ಒಪ್ಪಲಿಲ್ಲ, ಎದುರಿನವನು ನೋಡಿಕೊಳ್ಳುತ್ತಾನೆ ಅಂದರು. ಬೆಲೆ ನೋಡಿ ವಾಪಸ್ ಹೋಗುವವನು ಫೋನಿನಲ್ಲಿ ಹತ್ತು ನಿಮಿಷ ತಿಂದು ವಾಪಸ್ ಹೋಗುವುದಕ್ಕಿಂತ ಒಳ್ಳೆಯದಲ್ಲವಾ ಮಾವ ಅಂದೆ. ಲೆಕ್ಕ ಬರೆಯುವ ಅಕ್ಕ ನನ್ನ ಕಡೆ ನಿಂತರು. ಫೋನ್ ಎತ್ತುವವರು ಅವರೇ ತಾನೇ.

ಭರಣಿ: ಮೊದಲ ಎರಡು ವಾರ

ಭರಣಿ ಸುರಿದರೆ ಧರಣಿ ಬೆಳೆ ಅಂತಾರೆ. ಬ್ಯಾಟರಿ ಅಂಗಡಿಗೂ ಅದೇ ಬೆಳೆ. ಮೊದಲ ಗುಡುಗು ಮಳೆಗೆ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಗುತ್ತದೆ, ಚಳಿಗಾಲವಿಡೀ ಸುಮ್ಮನೆ ಕೂತಿದ್ದ ಇನ್ವರ್ಟರಿನ ಬಣ್ಣ ಬಯಲಾಗುತ್ತದೆ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಕರೆಂಟು ಮಾಡುವ ಕೇಂದ್ರ ಇರುವುದು ಇದೇ ಜಿಲ್ಲೆಯಲ್ಲಿ, ಆದರೆ ಕೊಂಬೆಗೆ ಅದೆಲ್ಲ ಗೊತ್ತಿಲ್ಲ.

ಮೊದಲ ವಾರ ನಾಲ್ಕು ಬ್ಯಾಟರಿ ಹೋದವು. ನನಗೆ ಕೋಡು ಮೂಡಿತು. ವಾರದ ಕೊನೆಗೆ ಸರ್ಚ್ ಟರ್ಮ್ಸ್ ತೆರೆದು ಇನ್ನಷ್ಟು ಕಳೆ ಕೀಳಲು ಕೂತೆ. ಫ್ರೇಸ್ ಮ್ಯಾಚ್‌ನಲ್ಲಿ "ಇನ್ವರ್ಟರ್" ಸೇರಿದ್ದ ಕೆಲವು ಮಾತುಗಳಿಂದ ಇಂಥವು ಬಂದಿದ್ದವು: ಇನ್ವರ್ಟರ್ ಬೀಪ್ ಸೌಂಡ್ ಯಾಕೆ. ಇನ್ವರ್ಟರ್ ಹತ್ತೇ ನಿಮಿಷ ಬ್ಯಾಕಪ್. ಇನ್ವರ್ಟರ್ ಚಾರ್ಜ್ ಆಗ್ತಿಲ್ಲ. ಎಲ್ಲ ಕಡೆ ಓದಿದ ಪಾಠ ಏನು? "ಯಾಕೆ", "ಹೇಗೆ" ಎಂದು ಕೇಳುವವನು ಮಾಹಿತಿ ಹುಡುಕುವವನು, "ಬೆಲೆ", "ಕೊಳ್ಳಲು" ಎಂದು ಟೈಪ್ ಮಾಡುವವನು ಗಿರಾಕಿ. ಪಾಠ ಒಪ್ಪಿಸಿದೆ. ಬೀಪ್, ಸೌಂಡ್, ಪ್ರಾಬ್ಲಂ, ಬ್ಯಾಕಪ್, ಯಾಕೆ, ಎಲ್ಲವೂ ನೆಗೆಟಿವ್ ಪಟ್ಟಿಗೆ. ಪಟ್ಟಿ ಕಟ್ಟಿದ ಆ ಸಂಜೆಯೇ "ರಿಪೇರಿ" ಎಂಬುದನ್ನೂ ಸೇರಿಸಿದ್ದೆ, ಮಾವ ಇನ್ವರ್ಟರ್ ಬೋರ್ಡು ರಿಪೇರಿ ಮಾಡುವುದಿಲ್ಲವಲ್ಲ ಎಂದು.

ಎರಡನೇ ವಾರ ಮಳೆ ಇನ್ನೂ ಜೋರು, ವ್ಯಾಪಾರ ಒಂದು.

ಕ್ಲಿಕ್ಕಿನ ಬೆಲೆ ಸರಿ, ಜಾಹೀರಾತು ಮೇಲೇ ಇದೆ, ಕ್ಲಿಕ್ ಬರುತ್ತಿವೆ. ಎರಡು ದಿನ ಪರದೆ ನೋಡಿದೆ, ಏನೂ ಹೊಳೆಯಲಿಲ್ಲ. ಉತ್ತರ ಇದ್ದದ್ದು ಕೌಂಟರಿನ ಡ್ರಾಯರಿನಲ್ಲಿ. ಅಕ್ಕನಿಗೆ ಒಂದು ಅಭ್ಯಾಸ ಇದೆ, ಫೋನ್ ಬಂದರೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಎರಡು ಪದ ಗೀಚಿಕೊಳ್ಳುತ್ತಾರೆ. ಮೊದಲ ವಾರದ ಹಾಳೆ ತೆಗೆದೆವು. ನಾಲ್ಕು ವ್ಯಾಪಾರದಲ್ಲಿ ಮೂರರ ಮುಂದೆ "ಕೂಗ್ತಿದೆ" ಎಂದಿತ್ತು. ಇನ್ವರ್ಟರ್ ಕೂಗುತ್ತಿದೆ ಎಂದು ಫೋನ್ ಮಾಡಿದವರು. ಎರಡನೇ ವಾರದ ಹಾಳೆಯಲ್ಲಿ ಆ ಪದ ಒಂದೂ ಇಲ್ಲ. ತುಂಬ ಇದ್ದದ್ದು "ರೇಟ್".

"ರೇಟ್ ಕೇಳೋರು ರೇಟೇ ಕೇಳ್ತಾರೆ ಕಣೋ," ಅಂದರು ಅಕ್ಕ. "ನಮ್ಮದು ಕೇಳಿ, ಆನ್‌ಲೈನ್ ನೋಡಿ, ಇನ್ನೆರಡು ಅಂಗಡಿ ಕೇಳಿ, ಆಮೇಲೆ ಮುಂದಿನ ತಿಂಗಳು ನೋಡೋಣ ಅಂತಾರೆ. ಕೂಗೋರಿಗೆ ಇವತ್ತೇ ಬೇಕು."

ನಾನು ಗಿರಾಕಿಯನ್ನೇ ಕಳೆ ಎಂದು ಕಿತ್ತು ಎಸೆದಿದ್ದೆ.

ಕೃತ್ತಿಕೆ: ಎರಡು ಸಿಮ್

ಅಕ್ಕನ ಮಾತು ನಿಜವೇ ಇರಬಹುದು, ನಾಲ್ಕು ವ್ಯಾಪಾರ ನೋಡಿ ನಂಬುವುದು ಹೇಗೆ? ಎರಡನ್ನೂ ಬೇರೆ ಬೇರೆ ಅಳೆಯುವ ವ್ಯವಸ್ಥೆ ಮಾಡಿದೆ. ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ ಇದೇ.

ಕ್ಯಾಂಪೇನಿನಲ್ಲಿ ಎರಡು ಆ್ಯಡ್ ಗ್ರೂಪ್, ಅಂದರೆ ತಮ್ಮದೇ ಕೀವರ್ಡ್, ತಮ್ಮದೇ ಜಾಹೀರಾತು ಇರುವ ಎರಡು ಗುಂಪು. ಒಂದಕ್ಕೆ "ಬೆಲೆ", ಇನ್ನೊಂದಕ್ಕೆ "ಕೂಗು" ಎಂದೇ ಹೆಸರಿಟ್ಟೆ. ಕೂಗು ಗುಂಪಿನಲ್ಲಿ ಬೀಪ್, ಬ್ಯಾಕಪ್ ಕಡಿಮೆ, ಚಾರ್ಜ್ ಆಗ್ತಿಲ್ಲ, ನೀರು ಖಾಲಿ, ಇಂಗ್ಲಿಷಿನ ಅದೇ ಮಾತುಗಳು. ನೆಗೆಟಿವ್ ಪಟ್ಟಿಯಿಂದ ಅವನ್ನೆಲ್ಲ ತೆಗೆದು, ಬೆಲೆ ಗುಂಪಿಗೆ ಮಾತ್ರ ನೆಗೆಟಿವ್ ಮಾಡಿದೆ, ಒಬ್ಬರ ಮಾತು ಇನ್ನೊಬ್ಬರ ಮನೆಗೆ ಹೋಗದಿರಲಿ ಎಂದು. "ರಿಪೇರಿ"ಯನ್ನೂ ಬಿಟ್ಟುಕೊಟ್ಟೆ. ಜನ ರಿಪೇರಿ ಅನ್ನುವುದು ಬೋರ್ಡಿಗಲ್ಲ, "ಏನೋ ಆಗಿದೆ ಬಂದು ನೋಡಿ" ಎಂಬ ಅರ್ಥಕ್ಕೆ. ಕೂಗು ಗುಂಪಿನ ಮೊದಲ ಶೀರ್ಷಿಕೆ "ಇನ್ವರ್ಟರ್ ಬೀಪ್ ಹೊಡೀತಿದೆಯಾ?" ಅದಕ್ಕೆ ಬೇರೆಯೇ ಪುಟ. ಬೆಲೆಯ ಬದಲು ನಾಲ್ಕು ಸಾಲು: ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಟರ್ಮಿನಲ್‌ನಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ, ಬ್ಯಾಟರಿ ಎಷ್ಟು ವರ್ಷದ್ದು ವಾರಂಟಿ ಕಾರ್ಡಿನಲ್ಲಿ ನೋಡಿ, ಆಮೇಲೆ ನಮಗೆ ಫೋನ್ ಮಾಡಿ.

ಅಂಗಡಿಯಲ್ಲಿ ಬಿದ್ದಿದ್ದ ಎರಡು ಸಿಮ್ಮಿನ ಕೀಪ್ಯಾಡ್ ಫೋನಿಗೆ ಎರಡು ಹೊಸ ನಂಬರ್ ಹಾಕಿದೆವು. ಬೆಲೆ ಪುಟದಲ್ಲಿ, ಆ ಗುಂಪಿನ ಜಾಹೀರಾತಿನ ಕಾಲ್ ಬಟನ್ನಿನಲ್ಲಿ ಒಂದನೇ ಸಿಮ್. ಕೂಗು ಪುಟದಲ್ಲಿ, ಅದರ ಜಾಹೀರಾತಿನಲ್ಲಿ ಎರಡನೇ ಸಿಮ್. ಈ ನಂಬರ್‌ಗಳನ್ನು ಬೋರ್ಡಿಗಾಗಲಿ ಬಿಲ್ಲಿಗಾಗಲಿ ಹಾಕಲಿಲ್ಲ. ಫೋನ್ ಬಾರಿಸಿದರೆ ಪರದೆಯ ಮೇಲೆ ಯಾವ ಸಿಮ್ ಎಂದು ಬರುತ್ತದೆ, ಅಕ್ಕ ನೋಟ್‌ಬುಕ್ಕಿನಲ್ಲಿ 1 ಅಥವಾ 2 ಎಂದು ಬರೆಯುತ್ತಾರೆ. ವಾಟ್ಸಾಪ್ ಗುಂಡಿಯಲ್ಲಿ ಮೊದಲೇ ತುಂಬಿದ ಸಂದೇಶ ಇಡಬಹುದು. ಒಂದರಲ್ಲಿ "ಬ್ಯಾಟರಿ ಬೆಲೆ ತಿಳಿಸಿ", ಇನ್ನೊಂದರಲ್ಲಿ "ಇನ್ವರ್ಟರ್ ತೊಂದರೆ ಇದೆ". ಗಿರಾಕಿ ಮುಂದೇನು ಬರೆದರೂ ಎಲ್ಲಿಂದ ಬಂದವನೆಂದು ಮೊದಲ ಸಾಲೇ ಹೇಳುತ್ತದೆ. ಟ್ಯಾಗ್ ಮ್ಯಾನೇಜರ್ ಹಾಕಿ ಗುಂಡಿ ಒತ್ತಿದ್ದನ್ನೂ ಎಣಿಸಿದೆ, ಆದರೆ ಒತ್ತಿದ್ದಕ್ಕೂ ಬ್ಯಾಟರಿ ಮನೆ ಸೇರಿದ್ದಕ್ಕೂ ನಡುವೆ ಇರುವುದನ್ನು ಹೇಳುವುದು ನೋಟ್‌ಬುಕ್ ಒಂದೇ.

ಒಂದು ರಾತ್ರಿ

ಕೃತ್ತಿಕೆಯ ಎರಡನೇ ವಾರ ಒಂದು ಬುಧವಾರ ಸಂಜೆ ಆರಕ್ಕೆ ಗಾಳಿ ಶುರುವಾಯಿತು. ಗೋಪಾಳ, ವಿನೋಬನಗರದ ಕಡೆ ಮರ ಬಿದ್ದು ಕತ್ತಲೆ. ಮರುದಿನ ಬೆಳಿಗ್ಗೆ ಏಳಕ್ಕೆ ಮಾವನ ಫೋನು: "ದಿನಕ್ಕೆ ಮುನ್ನೂರು ಅಂದಿದ್ದೆ. ನಿನ್ನೆ ಐನೂರ ಎಂಬತ್ತೆಂಟು ಹೋಗಿದೆ!"

ಅದು ನಿಯಮವೇ. ಹುಡುಕಾಟ ಹೆಚ್ಚಾದ ದಿನ ಬಜೆಟ್ಟಿನ ಎರಡು ಪಟ್ಟಿನವರೆಗೂ ಹೋಗಬಹುದು, ಕಡಿಮೆ ಇದ್ದ ದಿನ ಅಷ್ಟು ಇಳಿಯುತ್ತದೆ. ತಿಂಗಳ ಲೆಕ್ಕದಲ್ಲಿ ದಿನದ ಬಜೆಟ್ಟನ್ನು 30.4ರಿಂದ ಗುಣಿಸಿದಷ್ಟನ್ನು ದಾಟುವುದಿಲ್ಲ. ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು.

ನಿಜವಾದ ನಷ್ಟ ಬೇರೆ ಕಡೆ ಇತ್ತು. ಅಂಗಡಿ ಮುಚ್ಚುವುದು ಎಂಟೂವರೆಗೆ, ಜಾಹೀರಾತಿನ ವೇಳೆಯನ್ನೂ ಅಷ್ಟಕ್ಕೇ ಕಟ್ಟಿದ್ದೆ. ಕರೆಂಟ್ ಹೋದದ್ದು ಏಳಕ್ಕೆ. ಸೊರಗಿದ ಬ್ಯಾಟರಿ ಎರಡು ಫ್ಯಾನು, ನಾಲ್ಕು ಲೈಟು ಹೊತ್ತುಕೊಂಡು ಅರ್ಧ ಗಂಟೆ ಎಳೆದು ಕೂಗಲು ಶುರುಮಾಡುವುದು, ಮನೆಯವರು ಊಟ ಮುಗಿಸಿ ಫೋನ್ ಹಿಡಿದು ಹುಡುಕುವುದು ಒಂಬತ್ತು ಗಂಟೆಗೆ. ಸರಿಯಾಗಿ ಆಗ ನಾವು ಬಾಗಿಲು ಹಾಕಿದ್ದೆವು. ವೇಳೆಯನ್ನು ರಾತ್ರಿ ಹನ್ನೊಂದರವರೆಗೆ ಎಳೆದೆ. ಕಾಲ್ ಬಟನ್ನಿಗೆ ಬೇರೆಯೇ ವೇಳಾಪಟ್ಟಿ ಕೊಡಬಹುದು, ಅದನ್ನು ಎಂಟೂವರೆಗೇ ಬಿಟ್ಟೆ. ರಾತ್ರಿ ಬಂದವರು ಪುಟ ತೆರೆದು ವಾಟ್ಸಾಪ್ ಹಾಕುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಒಂದೊಂದೇ ಫೋನ್ ಮಾಡುತ್ತಾರೆ. ರಾತ್ರಿ ಕತ್ತಲೆಯಲ್ಲಿ ಸೆಕೆಯಲ್ಲಿ ಮಲಗಿ ಎದ್ದವನಿಗೆ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂದರೆ ಅವನು ರೇಟ್ ಚೌಕಾಸಿ ಮಾಡುವುದು ಕಡಿಮೆ.

ಮೃಗಶಿರಕ್ಕೆ ಲೆಕ್ಕ

ಕೃತ್ತಿಕೆ, ರೋಹಿಣಿ ಎರಡೂ ಸೇರಿ ನಾಲ್ಕು ವಾರ ಮುಗಿದ ಮೇಲೆ ಅಕ್ಕನ ನೋಟ್‌ಬುಕ್, ಗೂಗಲ್ ಖಾತೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟೆವು. ವಾಟ್ಸಾಪನ್ನೂ ಫೋನಿನ ಲೆಕ್ಕಕ್ಕೇ ಸೇರಿಸಿದೆ.

ಬೆಲೆ ಗುಂಪು: 410 ಕ್ಲಿಕ್, 4,920 ರೂಪಾಯಿ, 41 ಕರೆ, 5 ಬ್ಯಾಟರಿ. ಒಂದು ಬ್ಯಾಟರಿಗೆ 984 ರೂಪಾಯಿ ಜಾಹೀರಾತು. 1,200 ಲಾಭದಲ್ಲಿ.

ಕೂಗು ಗುಂಪು: 230 ಕ್ಲಿಕ್, 2,760 ರೂಪಾಯಿ, 23 ಕರೆ, 11 ಬ್ಯಾಟರಿ. ಒಂದಕ್ಕೆ 251 ರೂಪಾಯಿ.

ತಮಾಷೆ ನೋಡಿ, ಕೂಗು ಗುಂಪಿನಲ್ಲಿ ಸುಮಾರು 21 ಕ್ಲಿಕ್ಕಿಗೆ ಒಂದು ವ್ಯಾಪಾರ. ನನ್ನ ಮೊದಲ ದಿನದ ಅಂದಾಜು ಇಪ್ಪತ್ತು. ಆದರೆ ಒಳಗಿನ ಎರಡೂ ಊಹೆ ತಪ್ಪು. ಐದು ಕ್ಲಿಕ್ಕಿಗಲ್ಲ, ಹತ್ತಕ್ಕೆ ಒಂದು ಕರೆ. ನಾಲ್ಕು ಕರೆಗಲ್ಲ, ಎರಡಕ್ಕೆ ಒಂದು ವ್ಯಾಪಾರ.

ಆ 23 ಕರೆಗಳಲ್ಲಿ ಆರು ಮನೆಗೆ ಹುಡುಗ ಹೋಗಿ ಹೈಡ್ರೋಮೀಟರ್ ಇಳಿಸಿ ನೋಡಿದರೆ ಆರು ಸೆಲ್ಲೂ ಸರಿಯಾಗಿದ್ದವು. ನೀರು ಆರಿತ್ತು, ಇಲ್ಲ ಟರ್ಮಿನಲ್ ಸಡಿಲ. ನೀರು ತುಂಬಿ, ಉಜ್ಜಿ, ವ್ಯಾಸಲೀನ್ ಸವರಿ, ಬಂದು ಹೋದ ಖರ್ಚು ಮಾತ್ರ ತೆಗೆದುಕೊಂಡು ವಾಪಸ್ ಬಂದ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಅಷ್ಟು ಕ್ಲಿಕ್ಕಿನ ದುಡ್ಡು. ಮಾವ ತಲೆ ಎತ್ತದೇ ಹೇಳಿದರು: "ಅವರ ನಂಬರ್ ಬರ್ಕೊಂಡಿದಾಳೆ ಬಿಡು. ಮುಂದಿನ ವರ್ಷ ಅವರಿಗೆ ಗೂಗಲ್ ಬೇಕಾಗಲ್ಲ."

ಮುಂದಿನ ಕೆಲಸ ಸರಳ ಎಂದುಕೊಂಡೆ. ಬೆಲೆ ಗುಂಪಿನ ದುಡ್ಡನ್ನೆಲ್ಲ ಕೂಗಿಗೆ ಸುರಿದರೆ ಬ್ಯಾಟರಿ ಎರಡು ಪಟ್ಟು. ಸುರಿದೆ, ಏರಲಿಲ್ಲ. ಇಂಪ್ರೆಷನ್ ಶೇರ್ ಎಂಬ ಅಂಕಣ ನೋಡಿದರೆ ಕಾರಣ ಅಲ್ಲೇ ಇತ್ತು. ಕೂಗುವವರು ಹುಡುಕಿದಾಗಲೆಲ್ಲ ಬಹುಪಾಲು ನಾವು ಕಾಣಿಸಿಕೊಳ್ಳುತ್ತಲೇ ಇದ್ದೆವು. ಇಪ್ಪತ್ತು ಕಿಲೋಮೀಟರಿನಲ್ಲಿ ಒಂದು ದಿನಕ್ಕೆ ಕೂಗುವ ಇನ್ವರ್ಟರ್ ಎಷ್ಟಿವೆಯೋ ಅಷ್ಟೇ. ದುಡ್ಡು ಹೆಚ್ಚು ಕೊಟ್ಟರೆ ಹೆಚ್ಚು ಬ್ಯಾಟರಿ ಕೆಡುವುದಿಲ್ಲ. ಬಜೆಟ್ಟನ್ನು ದಿನಕ್ಕೆ 180ಕ್ಕೆ ಇಳಿಸಿದೆ. ಬೆಲೆ ಗುಂಪಿನಲ್ಲಿ ಎಕ್ಸ್‌ಚೇಂಜ್ ಎಂಬ ಪದ ಇರುವ ಮಾತುಗಳನ್ನು ಮಾತ್ರ ಉಳಿಸಿದೆ, ಆ ಐದರಲ್ಲಿ ನಾಲ್ಕು ಅದರಿಂದಲೇ ಬಂದಿದ್ದವು. ಮನೆಯ ಮೂಲೆಯಲ್ಲಿ ಸತ್ತ ಬ್ಯಾಟರಿ ಇಟ್ಟುಕೊಂಡವನೂ ಒಂದು ರೀತಿಯಲ್ಲಿ ಕೂಗುವವನೇ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದ ಜೊತೆ ಎಸೆಯುವ ಹಾಗೂ ಇಲ್ಲ, ಸಂಗ್ರಹಿಸುವವರಿಗೋ ಮರುಬಳಕೆ ಮಾಡುವವರಿಗೋ ಕೊಡಬೇಕು.

ಖಾತೆಯ ಮೇಲ್ಭಾಗದಲ್ಲಿ ಈಗ ಒಂದು ನೀಲಿ ಪಟ್ಟಿ ನಿಂತಿದೆ. ಬಜೆಟ್ ಏರಿಸಿ, ಬ್ರಾಡ್ ಮ್ಯಾಚ್ ಹಾಕಿ, ನಿಮ್ಮ ಆಪ್ಟಿಮೈಸೇಷನ್ ಸ್ಕೋರ್ ಕಡಿಮೆ ಇದೆ ಎಂದು. ಇರಲಿ. ಪರೀಕ್ಷೆಯ ಅಂಕ ಅಲ್ಲವಲ್ಲ.

ಬಾಕಿ ಉಳಿದ ಕೆಲಸಗಳು: ಕೂಗು ಪುಟಕ್ಕೆ ಟರ್ಮಿನಲ್ಲಿನ ಬಿಳಿ ಪುಡಿಯ ನಿಜವಾದ ಫೋಟೋ ಹಾಕಬೇಕು, ಈಗಿನದು ಮಸುಕು. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಈ ಗುಂಪು ಬಹುಶಃ ಮಲಗುತ್ತದೆ, ಆಗ ನಿಲ್ಲಿಸಬೇಕೋ ಸಣ್ಣಗೆ ಉರಿಸಬೇಕೋ ನೋಡಬೇಕು. ಅಕ್ಕ ಹೊಸ ನೋಟ್‌ಬುಕ್ ತಂದು ತಾವೇ ಸ್ಕೇಲ್ ಹಿಡಿದು ಐದು ಕಾಲಂ ಗೆರೆ ಎಳೆದಿದ್ದಾರೆ. ಐದನೆಯದು ಏನಕ್ಕೆ ಎಂದು ಕೇಳಿದೆ. "ಇಲ್ಲದ್ದು ಕೇಳಿದೋರು," ಅಂದರು. ಅಂಗಡಿಯಲ್ಲಿ ಇಲ್ಲದ ಮಾಲನ್ನು ಕೇಳಿ ಫೋನ್ ಮಾಡಿದವರ ಪಟ್ಟಿ.

ಮಾವ ಆ ಕಾಲಂ ಒಂದು ವಾರ ಓದಿದ್ದಾರೆ. ನಿನ್ನೆ ಹೋದಾಗ ಕೌಂಟರಿನ ಮೇಲೆ ಎರಡು ಡಜನ್ ಹೆಡ್‌ಲ್ಯಾಂಪಿನ ಪೆಟ್ಟಿಗೆ ಇತ್ತು. "ಆ ಬೇಡದ ಪಟ್ಟಿ ಇದೆಯಲ್ಲ," ಅಂದರು, "ಅದರಿಂದ ಟಾರ್ಚ್ ತೆಗಿ."